ಉರುಕಿನ ಬಟ್ಟಲು, ಶ್ರೀರಾಂಪುರದ ಬಟ್ಟಲು

ಹೋದ ತಿಂಗಳು ಮನೆಯ ಮಿಕ್ಸಿ ಕೆಟ್ಟಿತು. ಹೊಸದುರ್ಗದ ಬಸ್ ಸ್ಟ್ಯಾಂಡ್ ಹಿಂದಿನ ರಿಪೇರಿ ಅಂಗಡಿಗೆ ಕೊಟ್ಟು ಬಾಗಿಲಲ್ಲೇ ನಿಂತಿದ್ದೆ. ನಿಂತಿದ್ದರೆ ಬೇಗ ಮಾಡಿಕೊಡುತ್ತಾರೆ, ಹೋಗಿ ಬರ್ತೀನಿ ಅಂದರೆ ನಾಳೆ ಬಾ ಅನ್ನುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಅಂಗಡಿಯವನು ಮಿಕ್ಸಿ ಬಿಚ್ಚುವ ನಡುವೆ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೂ ವೈರು ಸಿಕ್ಕಿಸಿ ನೋಡಿದ. ಬೆನ್ನು ದಪ್ಪಗೆ ಉಬ್ಬಿಕೊಂಡಿದ್ದ ಮೊದಲಿನ ಕಾಲದ್ದು. ಸ್ವಲ್ಪ ಹೊತ್ತಿಗೆ ಅದರ ಬೆನ್ನಿನ ಸಂದುಗಳಿಂದ ಕಾದ ಧೂಳಿನ ವಾಸನೆ ಬಂತು. ಅಷ್ಟೇ. ಆಷಾಢದ ಗಾಳಿ ನೆನಪಾಯಿತು, ತಿಪ್ಪೇಶಣ್ಣನ ಸೈಬರ್ ಅಂಗಡಿ ನೆನಪಾಯಿತು, ಐದು ಸಾವಿರ ವರ್ಷದ ಹಿಂದಿನ ಉರುಕ್ ಅನ್ನುವ ಊರು ನೆನಪಾಯಿತು. ಆ ಗುಂಗಿನಲ್ಲಿ ಅಂಗಡಿಯವನು ಕೇಳಿದಷ್ಟಕ್ಕೆ ಹೂಂ ಅಂದುಬಿಟ್ಟೆ. ಹಾಗೆ ಚೌಕಾಸಿ ಮಾಡದೆ ಹೂಂ ಅಂದದ್ದು ನನ್ನ ಜೀವಮಾನದಲ್ಲಿ ಎರಡನೆಯ ಸಲವೋ ಮೂರನೆಯ ಸಲವೋ ಇರಬೇಕು.

ನನ್ನ ಕಸುಬು ಹೇಳಿದರೆ ನಿಮಗೆ ಅರ್ಥವಾಗುತ್ತದೆ. ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವವಳು ನಾನು. ಈಗ ಅಂಗಡಿ ಇದೆ. ಆಗ ತಲೆಯ ಮೇಲೆ ಬುಟ್ಟಿ, ಹೆಗಲಿಗೆ ಬಟ್ಟೆಯ ಗಂಟು. ಸೋಮವಾರ ಶ್ರೀರಾಂಪುರ, ಬುಧವಾರ ಮಾಡದಕೆರೆ, ಶುಕ್ರವಾರ ಬಸ್ಸು ಹತ್ತಿ ಹಿರಿಯೂರು ದಾಟಿ ಜವನಗೊಂಡನಹಳ್ಳಿಯ ತನಕ. ಈ ವ್ಯಾಪಾರದಲ್ಲಿ ದುಡ್ಡಿನ ಮಾತೇ ಬರುವುದಿಲ್ಲ. ನಾಲಿಗೆಯೇ ತಕ್ಕಡಿ. ಇದರ ಮೊದಲನೆಯ ಪಾಠ ಏನೆಂದರೆ, ದೊಡ್ಡ ಪಾತ್ರೆ ಯಾವಾಗಲೂ ಬುಟ್ಟಿಯ ತಳದಲ್ಲಿರಬೇಕು. ಮೇಲೆ ಲೋಟ, ಅದರ ಕೆಳಗೆ ತಟ್ಟೆ, ಆಮೇಲೆ ಬೋಗುಣಿ. ಗಿರಾಕಿ ಎರಡು ನೂಲಿನ ಸೀರೆ ತಂದರೆ ಲೋಟ ತೋರಿಸಬೇಕು. ಆಕೆ ಮುಖ ಸಿಂಡರಿಸಿ ಒಳಗೆ ಹೋಗಿ ಗಂಡನ ಪ್ಯಾಂಟು ತಂದರೆ ಬೋಗುಣಿ. ಪೆಟ್ಟಿಗೆ ತೆಗೆದು ಜರಿ ಸೀರೆ ತಂದಳೋ, ಆಗ ತಳಕ್ಕೆ ಕೈ ಹಾಕಬೇಕು. ತಳದ್ದು ಮೊದಲೇ ಕಂಡರೆ ಕೆಲಸ ಕೆಟ್ಟಿತು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಬಿಸಿಲಲ್ಲಿ ನಡೆದು ನಡೆದು ಕಲಿತದ್ದು. ಹೀಗೆ ಕಲಿತದ್ದೇ ಆ ವರ್ಷ ನನ್ನ ಕಾಲಿಗೆ ತೊಡರಿಕೊಂಡಿತು.

ಎರಡು ಸಾವಿರದ ಏಳನೇ ಇಸವಿ. ನನಗಾಗ ಮೂವತ್ತನಾಲ್ಕು. ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಒಂದೇ ಒಂದು ಷರತ್ತು ಹಾಕಿದ್ದ: ಮಗಳು ಡಿಗ್ರಿ ಮುಗಿಸಬೇಕು. ಗಂಡಿನ ಕಡೆಯವರು ಅದಕ್ಕೇನಂತೆ, ಓದಿಸಾಣ ಅಂದಿದ್ದರು. ಮದುವೆಯಾದ ಮೇಲೆ ಅತ್ತೆ ಕಾಲೇಜಿನ ಚೀಲವನ್ನು ಅಟ್ಟದ ಮೇಲೆ ಇಟ್ಟರು, ಅಲ್ಲಿಗೆ ಮುಗಿಯಿತು. ನಾನು ಸೋತ ವ್ಯಾಪಾರ ಅಂದರೆ ಅದೊಂದೇ, ಅದೂ ನಾನು ಬಾಯೇ ತೆಗೆಯದ ವ್ಯಾಪಾರ. ಅತ್ತೆ ತೀರಿಕೊಂಡ ಮೇಲೆ ದೂರಶಿಕ್ಷಣದ ಬಿ.ಎ.ಗೆ ಹೆಸರು ಹಚ್ಚಿದೆ. ನನ್ನ ಗಂಡ ರುದ್ರಪ್ಪ ತೆಂಗಿನ ನಾರಿನ ಕಾರ್ಖಾನೆಯಲ್ಲಿ ದುಡಿಯುವವರು, ಮಾತು ಕಡಿಮೆ. ಬೇಡ ಅನ್ನಲಿಲ್ಲ. ವರ್ಷಕ್ಕೊಂದು ಎರಡು ಪತ್ರಿಕೆ ಕಟ್ಟುತ್ತಾ ಎಲ್ಲ ಪಾಸು ಮಾಡಿಕೊಂಡು ಬಂದೆ. ಒಂದೇ ಒಂದು ಉಳಿಯಿತು, ಪ್ರಾಚೀನ ಜಗತ್ತಿನ ಇತಿಹಾಸ. ಎರಡು ಸಲ ಪರೀಕ್ಷೆ ಬರೆದೆ, ಎರಡು ಸಲವೂ ಹೋಯಿತು.

ಆ ಬೇಸಿಗೆಯಲ್ಲಿ ಚಿತ್ರದುರ್ಗದ ಅಧ್ಯಯನ ಕೇಂದ್ರಕ್ಕೆ ಹೋದಾಗ ಅಲ್ಲಿನ ಗುಮಾಸ್ತರು ನನ್ನ ಕಾಗದಗಳನ್ನು ಮಗುಚಿ ಹಾಕಿ, ನನ್ನ ಗಡುವು ಇದೇ ವರ್ಷಕ್ಕೆ ಮುಗಿಯುತ್ತದೆ ಎಂದರು. ಈ ಒಂದು ಪತ್ರಿಕೆ ಆಗದಿದ್ದರೆ ಪಾಸಾಗಿರುವ ಉಳಿದವೂ ರದ್ದು, ಮೊದಲಿನಿಂದ ಶುರು. ಇನ್ನೊಂದು ಸುದ್ದಿಯನ್ನೂ ಹೇಳಿದರು. ಈ ಪತ್ರಿಕೆಗೆ ಈಗ ಪರೀಕ್ಷೆ ಇಲ್ಲ, ಇಂಟರ್‌ನೆಟ್ಟಿನಲ್ಲಿ ಪಾಠ. ಓದುವುದೂ ಅಲ್ಲೇ, ಬರೆದು ಕಳಿಸುವುದೂ ಅಲ್ಲೇ. ಆರು ಸಣ್ಣ ಪ್ರಬಂಧ, ಒಂದು ದೊಡ್ಡದು. ಬರವಣಿಗೆಗೇ ಎಲ್ಲ ಅಂಕ. ನಿಮ್ಮಂಥವರಿಗೆ ಕಷ್ಟ ಆಗ್ತದೆ ತಾಯಿ ಅಂದರು, ಒಳ್ಳೆಯ ಮನಸ್ಸಿನಿಂದಲೇ. ನಾನು ಅಲ್ಲೇ ಅರ್ಜಿ ತುಂಬಿದೆ. ಕಷ್ಟ ಅಂತ ಮೊದಲೇ ಹೇಳಿದ ಮನೆಯ ಮುಂದೆ ಬುಟ್ಟಿ ಇಳಿಸದೆ ಹೋದವಳಲ್ಲ ನಾನು.

ಹೊಸದುರ್ಗದಲ್ಲಿ ಆಗ ನನಗೆ ಗೊತ್ತಿದ್ದ ಸೈಬರ್ ಅಂಗಡಿ ತಿಪ್ಪೇಶಣ್ಣನದು. ಮೊದಲು ಎಸ್‌ಟಿಡಿ ಬೂತ್ ಇಟ್ಟಿದ್ದ ಮನುಷ್ಯ. ಕೈಕೈಗೆ ಮೊಬೈಲ್ ಬಂದ ಮೇಲೆ ಅದೇ ಗಾಜಿನ ಗೂಡುಗಳೊಳಗೆ ಒಂದೊಂದು ಕಂಪ್ಯೂಟರ್ ಇಟ್ಟ. ಆತನ ಜೊತೆ ಮೊದಲ ದಿನವೇ ಒಪ್ಪಂದ ಮಾಡಿಕೊಂಡೆ. ಗಂಟೆಗಿಷ್ಟು ಅಂತ ನಾನು ಕೊಡುವುದಿಲ್ಲ, ದೀಪಾವಳಿಯ ತನಕ ವಾರಕ್ಕೆ ಮೂರು ದಿನ ಮಧ್ಯಾಹ್ನ ನನ್ನದೊಂದು ಗೂಡು, ಬದಲಿಗೆ ಆತನ ಮನೆಗೆ ಕುಕ್ಕರು ಮತ್ತು ನೀರಿನ ಡ್ರಮ್ಮು. ಆತ ಹೆಂಡತಿಯನ್ನು ಕೇಳಿ ಬರ್ತೀನಿ ಅಂದ. ಕೇಳಿದ ಮೇಲೆ ಆತನಿಗೆ ಬೇರೆ ದಾರಿ ಇರಲಿಲ್ಲ.

ಮೊದಲ ಪ್ರಬಂಧದ ಪ್ರಶ್ನೆ, ಮನುಷ್ಯ ಬೇಟೆ ಬಿಟ್ಟು ಬೇಸಾಯಕ್ಕೆ ಯಾಕೆ ಇಳಿದ ಅಂತ. ಸಾವಿರ ಪದ ಬರೆಯಬೇಕು ಎಂದಿತ್ತು. ನಾನು ಆರುನೂರು ಬರೆದೆ. ಸಾವಿರ ಅಂದರೆ ಅವರು ಹೇಳುವ ರೇಟು, ಆರುನೂರು ಅಂದರೆ ನಾನು ಹೇಳುವ ರೇಟು, ಎಂಟುನೂರಕ್ಕೆ ಮಾತು ನಿಲ್ಲುತ್ತದೆ ಎಂದು ನನ್ನ ಲೆಕ್ಕ. ಇನ್ನು ಹೇಳಬೇಕಾದ ಮುಖ್ಯ ಮಾತನ್ನು ನಾನು ಎಲ್ಲಿಟ್ಟೆ ಅಂತ ನೀವು ಊಹಿಸಬಹುದು. ಮೇಲೆಲ್ಲ ಲೋಟ ತಟ್ಟೆಗಳು: ಹವಾಮಾನ, ನದಿ, ಕಾಡು, ಕಲ್ಲಿನ ಆಯುಧ. ಕೊನೆಯ ಎರಡು ಸಾಲಿನಲ್ಲಿ ನನ್ನದೇ ಮಾತು. ಬೀಜ ಆಯ್ದು ತರುತ್ತಿದ್ದವರು ಹೆಂಗಸರು ಅಂತ ಪಾಠವೇ ಹೇಳುತ್ತದೆ, ಹಾಗಾದರೆ ಬಿದ್ದ ಕಾಳು ಮೊಳೆಯುವುದನ್ನು ಮೊದಲು ಕಂಡದ್ದೂ ಅವರೇ ಇರಬೇಕಲ್ಲ ಎಂದು.

ಪಾಠ ನೋಡಿಕೊಳ್ಳುತ್ತಿದ್ದವರು ಸುಮಿತ್ರಾ ಮೇಡಂ. ಅವರ ಮುಖವನ್ನು ನಾನು ಇವತ್ತಿನ ತನಕ ನೋಡಿಲ್ಲ, ದನಿಯನ್ನೂ ಕೇಳಿಲ್ಲ. ವಾರದ ಮೇಲೆ ಅವರ ಉತ್ತರ ಬಂತು. ಪಾಸಿಗಿಂತ ಕೆಳಗಿನ ಅಂಕ. ಕೆಳಗೆ ಬರೆದಿದ್ದರು: "ನಿಮ್ಮ ಒಳ್ಳೆಯ ಮಾತು ಕೊನೆಯ ಸಾಲಿನಲ್ಲಿ ಅಡಗಿ ಕೂತಿದೆ. ಅಲ್ಲಿಯ ತನಕ ನಾನು ಯಾಕೆ ಓದಬೇಕು ಎಂದು ನೀವು ಹೇಳಲಿಲ್ಲ."

ನನಗೆ ಸಿಟ್ಟು ಬಂತು. ತಿಪ್ಪೇಶಣ್ಣನ ಹತ್ತಿರ ಕೂತು ಒಂದು ಪತ್ರ ಟೈಪ್ ಮಾಡಿಸಿದೆ. ಪದ ಕಡಿಮೆಯಾದದ್ದು ಒಪ್ಪುತ್ತೇನೆ, ಆದರೆ ಕೊನೆಯ ಮಾತು ಒಳ್ಳೆಯದು ಅಂತ ನೀವೇ ಬರೆದಿದ್ದೀರಿ, ಆದ್ದರಿಂದ ನೀವು ಸ್ವಲ್ಪ ಏರಿ, ನಾನು ಮುಂದಿನದರಲ್ಲಿ ಇನ್ನೂರು ಪದ ಜಾಸ್ತಿ ಬರೆಯುತ್ತೇನೆ ಎಂದು. ತಿಪ್ಪೇಶಣ್ಣ ಟೈಪ್ ಮಾಡುತ್ತಾ ಮಾಡುತ್ತಾ ನಕ್ಕು ಮೇಜಿನ ಮೇಲೆ ತಲೆ ಇಟ್ಟ. ಮೇಡಂ ನಗಲಿಲ್ಲ. ಮಾರನೆಯ ದಿನವೇ ಉತ್ತರ ಬಂತು. ಅಂಕ ಚೌಕಾಸಿಗೆ ಇಲ್ಲ, ಸಾವಿರ ಅಂದರೆ ಸಾವಿರ, ಮುಂದಿನದನ್ನು ಸಮಯಕ್ಕೆ ಕಳಿಸಿ.

ಆಷಾಢ ಹಿಡಿಯಿತು. ನಮ್ಮ ಕಡೆಯ ಆಷಾಢ ಅಂದರೆ ಮಳೆಗಿಂತ ಗಾಳಿ. ಶ್ರೀರಾಂಪುರದ ದಾರಿಯಲ್ಲಿ ಬುಟ್ಟಿಯನ್ನು ತಲೆಯ ಮೇಲೆ ನಿಲ್ಲಿಸುವುದಕ್ಕೇ ಒಂದು ಕೈ ಬೇಕು, ಸೆರಗಿಗೆ ಇನ್ನೊಂದು. ತಂತಿಗೆ ತಂತಿ ತಾಗಿ ಕರೆಂಟು ಹೋಗುವುದು, ಬರುವುದು, ಮತ್ತೆ ಹೋಗುವುದು. ಎರಡನೆಯ ಪ್ರಬಂಧ ಮುಕ್ಕಾಲು ಟೈಪ್ ಆಗಿದ್ದಾಗ ಹಾಗೇ ಹೋಯಿತು. ಬಂದಾಗ ಪರದೆಯಲ್ಲಿ ಒಂದಕ್ಷರ ಇರಲಿಲ್ಲ. ಅವತ್ತಿನಿಂದ ನಾನು ಮೊದಲು ನೋಟು ಪುಸ್ತಕದಲ್ಲಿ ಪೆನ್ನಿನಿಂದ ಬರೆದು, ಆಮೇಲೆ ಕಂಪ್ಯೂಟರಿನ ಮುಂದೆ ಕೂರತೊಡಗಿದೆ. ನಿಮಗೂ ಅದೇ ಹೇಳುತ್ತೇನೆ. ಕರೆಂಟು ಎಷ್ಟು ನಂಬಿಕಸ್ತವಾಗಿದ್ದರೂ ಪುಸ್ತಕದಲ್ಲಿ ಒಂದು ಪ್ರತಿ ಇರಲಿ. ಬರೆಯುತ್ತಿದ್ದದ್ದು ಎಲ್ಲಿ ಅಂದರೆ, ಊರೂರಿನ ಬೇವಿನ ಕಟ್ಟೆಯ ಮೇಲೆ, ಬಸ್ಸು ತಡವಾದಾಗ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ. ಕಟ್ಟೆಯ ಗಂಡಸರು ಮೊದಲು ನಾನು ಹೆಂಗಸರ ಸಂಘದ ಹಾಜರಿ ಬರೆಯುತ್ತಿದ್ದೇನೆ ಅಂದುಕೊಂಡರು. ಈಜಿಪ್ಟಿನ ವಿಷಯ ಅಂದ ಮೇಲೆ ಯಾರೂ ಏನೂ ಕೇಳಲಿಲ್ಲ.

ಎರಡನೆಯದೂ ಮೂರನೆಯದೂ ಸಾವಿರ ಪದ ಪೂರಾ ಬರೆದರೂ ಅಂಕ ಏರಲಿಲ್ಲ. ಮೇಡಂ ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುತ್ತಿದ್ದರು: ನೀವು ಏನು ಹೇಳುತ್ತೀರಿ ಅನ್ನುವುದನ್ನು ಮೊದಲು ಹೇಳಿ. ಓದುವಾಗ ಅರ್ಥವಾಗುತ್ತಿತ್ತು, ಬರೆಯಲು ಕೂತರೆ ಕೈ ತಾನಾಗಿಯೇ ಮುಖ್ಯವಾದದ್ದನ್ನು ಕೆಳಗೆ ಕಳಿಸುತ್ತಿತ್ತು. ಇನ್ನು ಹೀಗೇ ಆದರೆ ದೊಡ್ಡ ಪ್ರಬಂಧ ಎಷ್ಟು ಚೆನ್ನಾಗಿದ್ದರೂ ಪಾಸಾಗುವುದಿಲ್ಲ ಎಂದು ಲೆಕ್ಕ ಹಾಕಿದಾಗ ಗೊತ್ತಾಯಿತು. ಅಟ್ಟದ ಮೇಲಿನ ಆ ಚೀಲ ಕಣ್ಣ ಮುಂದೆ ಬಂತು.

ಕಣ್ಣು ತೆರೆಸಿದವಳು ಗಂಗಕ್ಕ. ಶ್ರೀರಾಂಪುರದ ಗಂಗಕ್ಕ ನನ್ನ ಅತ್ಯಂತ ಗಟ್ಟಿ ಗಿರಾಕಿ. ಅರವತ್ತು ದಾಟಿದ ಹೆಂಗಸು, ಓದಿಲ್ಲ, ಆದರೆ ಪಾತ್ರೆಯನ್ನು ಬೆರಳಿನಿಂದ ತಟ್ಟಿ ಅದು ಎಷ್ಟು ತೆಳು ಅಂತ ಹೇಳಬಲ್ಲಳು. ಆ ಸೋಮವಾರ ಗಾಳಿಗೆ ಬೇಸತ್ತು ಅವಳ ಪಡಸಾಲೆಯಲ್ಲಿ ಬುಟ್ಟಿ ಇಳಿಸಿ, ರೂಢಿಯಂತೆ ಲೋಟದಿಂದ ಶುರು ಮಾಡಿದೆ. ಅವಳು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಳು.

"ಲೇ ರತ್ನಿ," ಅಂದಳು, "ನೀನು ಲೋಟ ಎತ್ತಿ ತೋರಿಸ್ತಿರು, ನಾನು ಅಲ್ಲೀಗಂಟ ಒಂದು ನಿದ್ದೆ ಮಾಡಿ ಎದ್ದು ಬರ್ತೀನಿ. ತಳದಾಗೆ ಏನೋ ಐತೆ ಅಂತ ನಂಗೆ ಗೊತ್ತು. ನಂಗೆ ಗೊತ್ತು ಅಂತ ನಿಂಗೂ ಗೊತ್ತು. ಆಟೊಂದು ಯಾಕೆ ಆಯಾಸ ಮಾಡ್ಕಂತೀಯ?"

ಪಕ್ಕದ ಮನೆಯವರು ನಕ್ಕರು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಬರುವಾಗ ಆ ಮಾತು ಬಿಡಲಿಲ್ಲ. ಹೊಸ ಗಿರಾಕಿಗೆ ತಳ ಕಾಣದಂತೆ ನಡೆಸಬಹುದು. ಆದರೆ ಸುಮಿತ್ರಾ ಮೇಡಂ ಹೊಸ ಗಿರಾಕಿಯಲ್ಲ. ಗಂಗಕ್ಕನಂತೆ ನೂರು ಬುಟ್ಟಿ ನೋಡಿದವರು. ನಾನು ಲೋಟ ಎತ್ತಿ ತೋರಿಸುತ್ತಿದ್ದೇನೆ, ಅವರು ನಿದ್ದೆ ಮಾಡಿ ಎದ್ದು ಬರುತ್ತಿದ್ದಾರೆ.

ನಾಲ್ಕನೆಯ ಪ್ರಬಂಧವನ್ನು ಬರೆದ ಮೇಲೆ ಕೊನೆಯ ಪ್ಯಾರಾವನ್ನು ಹಾಗೇ ಎತ್ತಿ ಮೊದಲಿಗೆ ಇಟ್ಟೆ. ಇಡುವಾಗ ನಡುರಸ್ತೆಯಲ್ಲಿ ಗಂಟು ಬಿಚ್ಚಿದಷ್ಟು ಮುಜುಗರವಾಯಿತು. ಮೇಡಂ ಬರೆದರು: "ಈಗ ನೀವು ಕಾಣಿಸುತ್ತಿದ್ದೀರಿ. ಇನ್ನು ಪುರಾವೆ ತನ್ನಿ." ಅಂಕವೂ ಪಾಸಿನ ಗೆರೆ ದಾಟಿತು. ಐದನೆಯದು, ಆರನೆಯದು ಅದಕ್ಕಿಂತ ಒಂದು ಕೈ ಮೇಲೆ. ಹಿಂದಿನ ಮೂರರ ನಷ್ಟ ತುಂಬಲು ದೊಡ್ಡ ಪ್ರಬಂಧ ಒಂದು ಉಳಿದಿತ್ತು.

ದೊಡ್ಡದಕ್ಕೆ ವಿಷಯವನ್ನು ನಾವೇ ಆರಿಸಿಕೊಳ್ಳಬೇಕು: ಪ್ರಾಚೀನ ಊರೊಂದರಲ್ಲಿ ಸಿಕ್ಕ ಒಂದು ವಸ್ತುವನ್ನು ಹಿಡಿದು ಆ ಊರಿನ ಬಾಳಿನ ಬಗ್ಗೆ ವಾದ ಮಾಡಿ. ಪಾಠದಲ್ಲಿ ಮೆಸಪೊಟೇಮಿಯಾದ ಉರುಕ್ ಊರಿನ ಪುಟ ಬಂತು. ಬೇರೆಯವರು ಅಲ್ಲಿನ ಗುಡಿಯನ್ನೋ ಮುದ್ರೆಯನ್ನೋ ನೋಡುತ್ತಾರೇನೋ, ನನ್ನ ಕಣ್ಣು ಒಂದು ಮಣ್ಣಿನ ಬಟ್ಟಲಿನ ಮೇಲೆ ನಿಂತಿತು. ಅಂಥ ಒರಟು ಬಟ್ಟಲನ್ನು ನಾನು ಕಂಡಿರಲಿಲ್ಲ. ಅಂಚು ಓರೆ, ಮೈಗೆ ನುಣುಪಿಲ್ಲ, ಬಣ್ಣವಿಲ್ಲ. ಆದರೆ ರಾಶಿ ರಾಶಿ ಸಿಕ್ಕಿವೆಯಂತೆ, ಹೆಚ್ಚುಕಡಿಮೆ ಒಂದೇ ಅಳತೆಯವು. ಯಾತಕ್ಕೆ ಬಳಸುತ್ತಿದ್ದರು ಅನ್ನುವುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಕೆಲಸದವರಿಗೆ ಕಾಳು ಅಳೆದುಕೊಡುವ ಬಟ್ಟಲು ಅನ್ನುವವರು ಕೆಲವರು, ರೊಟ್ಟಿ ಬೇಯಿಸುವ ಅಚ್ಚು ಅನ್ನುವವರು ಇನ್ನು ಕೆಲವರು.

ನನಗೆ ಅನುಮಾನವೇ ಇರಲಿಲ್ಲ. ಹದಿನೈದು ವರ್ಷ ಪಾತ್ರೆ ಕೊಟ್ಟವಳು ನಾನು. ಮನೆಯ ಹೆಂಗಸು ಪಾತ್ರೆ ಆರಿಸುವಾಗ ಒಂದರ ಹಾಗೆ ಇನ್ನೊಂದು ಬೇಡ ಅನ್ನುತ್ತಾಳೆ. ಈ ಲೋಟ ಮಾವನಿಗೆ, ಇದು ಮೊಮ್ಮಗನಿಗೆ, ಇದು ಬಂದವರಿಗೆ. ಒಂದೇ ಅಳತೆಯದನ್ನು ರಾಶಿಗಟ್ಟಲೆ ಕೇಳುವುದು ಅಳೆದು ಕೊಡುವವರು, ಉಣ್ಣುವವರಲ್ಲ. ಅದನ್ನೇ ಮೊದಲ ಸಾಲಾಗಿ ಬರೆದೆ: ಈ ಬಟ್ಟಲನ್ನು ಯಾವ ಮನೆಯ ಹೆಂಗಸೂ ಆರಿಸಲಿಲ್ಲ.

ಕರಡು ಕಳಿಸಿದೆ. ಮೇಡಂ ಬರೆದರು, ಮೊದಲ ಸಾಲು ಚೆನ್ನಾಗಿದೆ, ಆದರೆ ಹೊಸದುರ್ಗದಿಂದ ಉರುಕಿಗೆ ಒಂದೇ ನೆಗೆತ ನೆಗೆದಿದ್ದೀರಿ. ಆ ಕಾಲದ ಬರವಣಿಗೆಯಲ್ಲಿ ಉಣ್ಣುವುದಕ್ಕೆ ಯಾವ ಚಿಹ್ನೆ ಇದೆ ನೋಡಿ. ನಿಮ್ಮ ಕಡೆಯ ಮಾತನ್ನೂ ಕಣ್ಣಾರೆ ಕಂಡು, ಊರು ಮನೆ ಸಮೇತ ಬರೆಯಿರಿ. ನಿಮ್ಮ ವಾದಕ್ಕೆ ವಿರುದ್ಧವಾದದ್ದು ಕಂಡರೆ ಅದನ್ನೂ ಸೇರಿಸಿ.

ಕೊನೆಯ ವಾಕ್ಯವನ್ನು ನಾನು ಗಮನಿಸಲೇ ಇಲ್ಲ. ಅಂಥದ್ದೊಂದು ಕಾಣುತ್ತದೆ ಅನ್ನುವುದೇ ನನಗೆ ತೋಚಿರಲಿಲ್ಲ. ಚಿಹ್ನೆಯನ್ನು ಹುಡುಕಿದೆ, ಮನುಷ್ಯನ ತಲೆ, ಬಾಯಿಯ ಹತ್ತಿರ ಅಂಥದೇ ಬಟ್ಟಲು. ತಿಪ್ಪೇಶಣ್ಣನನ್ನು ಕರೆದು ತೋರಿಸಿದೆ. ಆತ ಕನ್ನಡಕ ಏರಿಸಿ ನೋಡಿ, ನಮ್ಮ ಹೋಟೆಲ್ ಬೋರ್ಡು ಇದ್ದಂಗೈತೆ ಅಂದ. ಆಮೇಲೆ ಊರೂರಿನಲ್ಲಿ ಯಾರು ಯಾವ ಪಾತ್ರೆ ಆರಿಸಿದರು, ಯಾಕೆ ಅಂದರು ಅನ್ನುವುದನ್ನೆಲ್ಲ ಬರೆದುಕೊಳ್ಳತೊಡಗಿದೆ. ಹೊಳಲ್ಕೆರೆಯ ಒಂದು ಹಾಸ್ಟೆಲ್ಲಿಗೆ ತಟ್ಟೆ ಬಟ್ಟಲು ಕೊಡಿಸುವ ಕೆಲಸ ಗುರುತಿನವರಿಂದ ಬಂದಿತ್ತು. ಹೋಗಿ ನೋಡಿದರೆ ಅಡಿಗೆಯವರು ಎಲ್ಲರಿಗೂ ಒಂದೇ ಬಟ್ಟಲಲ್ಲಿ ಅನ್ನ ತುಂಬಿ ತಟ್ಟೆಗೆ ಬೋರಲು ಹಾಕುತ್ತಿದ್ದರು. ಯಾಕೆ ಅಂತ ಕೇಳಿದರೆ ವಾರ್ಡನ್ನರು, ಇವನಿಗೆ ಜಾಸ್ತಿ ನನಗೆ ಕಮ್ಮಿ ಅನ್ನುವ ಪಂಚಾಯ್ತಿ ಬೇಡ ನೋಡಮ್ಮ ಎಂದರು. ಬಸ್ಸಿನಲ್ಲಿ ಕೂತು ಅದನ್ನು ಬರೆದುಕೊಳ್ಳುವಾಗ ನಾನು ಆಗಲೇ ಪಾಸಾಗಿದ್ದೆ ಅಂತಲೇ ತಿಳಿದೆ.

ದೀಪಾವಳಿಗೆ ಮುಂಚಿನ ಸೋಮವಾರ. ಪ್ರಬಂಧ ಕಳಿಸಲು ಗುರುವಾರ ಸಂಜೆ ಐದರ ತನಕ ಗಡುವು, ಬರೆದು ಮುಗಿಸಿದ್ದೆ. ಹಬ್ಬದ ಮುಂದೆ ಮನೆ ಮನೆಯಲ್ಲೂ ಹಳೇ ಬಟ್ಟೆ ಹೊರಗೆ ಬರುತ್ತದೆ. ವ್ಯಾಪಾರ ಬಿಡಲಾಗದೆ ಶ್ರೀರಾಂಪುರಕ್ಕೆ ಹೋದೆ. ಗಂಗಕ್ಕ ಮಗಳ ಮನೆಯವರು ಬರುತ್ತಾರೆ ಅಂತ ಸಡಗರದಲ್ಲಿದ್ದಳು. ಎರಡು ಒಳ್ಳೆಯ ಸೀರೆ ತಂದಿಟ್ಟು, ತನಗೆ ಹನ್ನೆರಡು ಬಟ್ಟಲು ಬೇಕು ಅಂದಳು. ನಾನು ತರಾವರಿ ಬಟ್ಟಲು ಹರಡಿದೆ. ಅವಳು ಎಲ್ಲವನ್ನೂ ಪಕ್ಕಕ್ಕೆ ಸರಿಸಿದಳು.

"ಎಲ್ಲ ಒಂದೇ ಅಳತೆ ಇರ್ಬೇಕು ಕಣೆ. ಒಂದೊಂದು ಒಂದೊಂದು ನಮೂನೆ ಆದ್ರೆ ಆಗಲ್ಲ."

ಒಂದೇ ಅಳತೆ ಯಾಕೆ ಅಂತ ಕೇಳಿದೆ. ನನ್ನ ದನಿ ನನಗೇ ಬೇರೆ ಥರ ಕೇಳಿಸಿತು.

"ಬಟ್ಟಲು ಇಡ್ಲಿಗೆ. ಹಿಟ್ಟು ಹುಯ್ದು ಹಬೆಗೆ ಇಡಾದು. ಒಂದು ದೊಡ್ಡದು ಒಂದು ಸಣ್ಣದು ಆದ್ರೆ ಒಂದು ಬೆಂದಿರ್ತತೆ, ಒಂದು ಹಸಿ ಇರ್ತತೆ. ಪಾತ್ರೆ ಮಾರೋಳಿಗೆ ಇಷ್ಟು ಗೊತ್ತಿಲ್ವಾ?"

ನಾನು ಬಟ್ಟಲು ಎಣಿಸಿ ಕೊಟ್ಟು ಎದ್ದು ಬಂದೆ. ಒಂದೇ ಅಳತೆಯ ಬಟ್ಟಲನ್ನು ಒಬ್ಬ ಮನೆಯ ಹೆಂಗಸು, ತಾನೇ ಕೂತು, ಆರಿಸಿ ತಗೊಂಡಿದ್ದಳು. ಅದೂ ಅಡಿಗೆಯ ಅಚ್ಚಿಗೆ. ರೊಟ್ಟಿ ಬೇಯಿಸುವ ಅಚ್ಚು ಅನ್ನುವ ಪಂಡಿತರ ಪರವಾಗಿ ಸಾಕ್ಷಿ ಹೇಳಲು ನನ್ನದೇ ಗಿರಾಕಿ ಎದ್ದು ನಿಂತ ಹಾಗಾಯಿತು.

ಮನೆಗೆ ಬಂದು ರುದ್ರಪ್ಪನವರಿಗೆ ಹೇಳಿದೆ. ಅವರು ಕೈಕಾಲು ತೊಳೆದು ಬಂದು ಎಲ್ಲವನ್ನೂ ಕೇಳಿ, ಶ್ರೀರಾಂಪುರದ ಗಂಗಕ್ಕ ಇಡ್ಲಿ ಮಾಡ್ತಾಳೆ ಅಂತ ಆ ಮೇಡಂಗೆ ಯಾರು ಹೇಳ್ತಾರೆ, ಸುಮ್ಮನೆ ಕಳಿಸು ಅಂದರು. ನ್ಯಾಯವಾದ ಮಾತೇ. ನಾನು ದಿನಾ ಮಾಡುತ್ತಿದ್ದದ್ದೂ ಅದೇ. ಪಾತ್ರೆಯ ಮೇಲೆ ಸಣ್ಣ ನೆಗ್ಗು ಇದ್ದರೆ ಆ ಕಡೆಯನ್ನು ನನ್ನ ಕಡೆಗೆ ತಿರುಗಿಸಿ ಹಿಡಿಯುವುದು. ಎದುರಿನವರ ಮಾತಲ್ಲೂ ನಿಜ ಇದೆ ಅಂತ ನಾವೇ ಒಪ್ಪಿದರೆ ಬುಟ್ಟಿ ಎತ್ತಿಕೊಂಡು ಹೊರಡಬೇಕಾಗುತ್ತದೆ. ಪ್ರಬಂಧ ಹೋದರೆ ಬರೀ ಒಂದು ಪತ್ರಿಕೆಯಲ್ಲ, ಇಷ್ಟು ವರ್ಷ ಕಟ್ಟಿದ್ದೆಲ್ಲ ಹೋಗುತ್ತದೆ.

ಮಂಗಳವಾರ ಇಡೀ ದಿನ ಬುಟ್ಟಿ ಹೊರಲಿಲ್ಲ. ಪ್ರಬಂಧವನ್ನು ಮೊದಲಿನಿಂದ ಓದಿದೆ. ಹೊಳಲ್ಕೆರೆ ಹಾಸ್ಟೆಲ್ಲು ಇತ್ತು, ಮಾಡದಕೆರೆಯ ಮನೆಗಳಿದ್ದವು, ಚಿಹ್ನೆ ಇತ್ತು. ಎಲ್ಲವೂ ನಾನು ಹೇಳಿದ ಹಾಗೇ ಕುಣಿಯುತ್ತಿದ್ದವು. ಅದೇ ನನಗೆ ಸರಿ ಬರಲಿಲ್ಲ. ಎಲ್ಲದಕ್ಕೂ ಹೂಂ ಅನ್ನುವ ಗಿರಾಕಿ ಸಿಕ್ಕರೆ ಎಲ್ಲೋ ಮೋಸ ಇದೆ ಅಂತ ವ್ಯಾಪಾರದವರಿಗೆ ಗೊತ್ತಾಗುತ್ತದೆ. ಮೇಡಂಗೂ ಗೊತ್ತಾಗದೆ ಇರುತ್ತದೆಯೇ? ಅವರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಲ್ಲ. ಬುಧವಾರ ಎರಡು ಪುಟ ಹರಿದು ಮತ್ತೆ ಬರೆದೆ. ಗಂಗಕ್ಕನ ಹೆಸರು, ಅವಳ ಪಡಸಾಲೆ, ಹನ್ನೆರಡು ಬಟ್ಟಲು, ಹಬೆ, ಬೆಂದದ್ದು, ಹಸಿ ಉಳಿದದ್ದು, ಎಲ್ಲವನ್ನೂ ಹಾಕಿದೆ. ಮೊದಲ ಸಾಲನ್ನು ಬದಲಾಯಿಸಿದೆ: ಈ ಬಟ್ಟಲನ್ನು ಮನೆಯ ಹೆಂಗಸು ಆರಿಸಿಲ್ಲ ಎಂದು ನಾನು ನಂಬುತ್ತೇನೆ, ಆದರೆ ನನ್ನ ನಂಬಿಕೆಗೆ ಅಡ್ಡ ನಿಲ್ಲುವ ಒಬ್ಬ ಹೆಂಗಸನ್ನು ನಾನು ಬಲ್ಲೆ. ಹನ್ನೆರಡು ಬಟ್ಟಲು ಒಂದು ಮನೆಯ ಇಡ್ಲಿಗೆ ಸಾಕು, ಆದರೆ ಉರುಕಿನಲ್ಲಿ ಸಿಕ್ಕ ರಾಶಿಗೆ ಒಂದು ಮನೆ ಸಾಲದು, ಆದ್ದರಿಂದ ಅಚ್ಚು ಎಂದೇ ಇಟ್ಟುಕೊಂಡರೂ ಬೇಯಿಸಿ ಹಂಚುತ್ತಿದ್ದವರು ಬೇರೆ ಯಾರೋ ಇದ್ದರು, ಅಲ್ಲಿಗೆ ವಾದವನ್ನು ನಿಲ್ಲಿಸಿದೆ.

ಬುಧವಾರ ಸಂಜೆಯೊಳಗೆ ಟೈಪ್ ಮುಗಿಯಿತು. ಗುರುವಾರ ಬೆಳಿಗ್ಗೆ ಕಳಿಸಲು ಹೋದರೆ ತಿಪ್ಪೇಶಣ್ಣನ ಅಂಗಡಿಯ ಲೈನು ಸತ್ತಿತ್ತು. ರಸ್ತೆ ಅಗೆದವರು ಕೇಬಲ್ಲು ಕಡಿದು ಇಡೀ ಊರಿಗೇ ಇಂಟರ್‌ನೆಟ್ಟು ಇರಲಿಲ್ಲ. ಸಂಜೆಯ ತನಕ ಲೈನು ಬರೋದಿಲ್ಲ, ನಿನ್ ಜೊತೆ ಹಿರಿಯೂರಿಗೆ ಬರಾಣ ಅಂದರೆ ಅಂಗಡಿ ಬಿಟ್ಟು ಬರಂಗಿಲ್ಲ ಅಂತ ಆತ ಪೆನ್ ಡ್ರೈವಿಗೆ ಹಾಕಿ ಕೊಟ್ಟ. ಕಾದು ಕಾದು ಮಧ್ಯಾಹ್ನ ಸಿಕ್ಕ ಬಸ್ಸು ಹತ್ತಿದೆ. ಹಿರಿಯೂರಿನ ಸೈಬರ್ ಹುಡುಕಿ ಕೂತು ತೆರೆದರೆ ನನ್ನ ಪ್ರಬಂಧ ಪರದೆಯ ಮೇಲೆ ಬರೀ ಚುಕ್ಕಿ, ಗೆರೆ, ಚೌಕ. ಅಲ್ಲಿಯ ಕಂಪ್ಯೂಟರಿನಲ್ಲಿ ಕನ್ನಡದ ಅಕ್ಷರ ಇರಲಿಲ್ಲ. ತಿಪ್ಪೇಶಣ್ಣನಿಗೆ ಫೋನು ಮಾಡಿದೆ.

"ನೀನು ಗಾಬರಿ ಆಗ್ಬೇಡಮ್ಮ. ಅಲ್ಲಿ ಕಾಣಲ್ಲ ಅಷ್ಟೇ, ಒಳಗೆ ಎಲ್ಲ ಅವೆ. ಹೆಂಗೈತೋ ಹಂಗೇ ಕಳಿಸು."

ಏನು ಕೊಡುತ್ತಿದ್ದೇನೆ ಅಂತ ಕಣ್ಣಿಗೆ ಕಾಣದೆ ನಾನು ಅದುವರೆಗೆ ಯಾರಿಗೂ ಏನೂ ಕೊಟ್ಟಿರಲಿಲ್ಲ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಗುಂಡಿ ಒತ್ತಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಎರಡೂ ಕೈ ಖಾಲಿ ಇದ್ದವು, ಅವನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ.

ಉತ್ತರ ಬರಲು ಮೂರು ವಾರ ಹಿಡಿಯಿತು. ಆ ದಿನ ತಿಪ್ಪೇಶಣ್ಣ ಪುಟವನ್ನು ತೆರೆದು, ಓದದೆ, ಕುರ್ಚಿ ಬಿಟ್ಟು ಎದ್ದು ನಿಂತು ನನ್ನನ್ನು ಕೂರಿಸಿದ. ಪಾಸು. ದೊಡ್ಡದಕ್ಕೆ ಬಂದ ಅಂಕ ಹಿಂದಿನ ಮೂರನ್ನೂ ಎತ್ತಿಕೊಂಡು ದಡ ಮುಟ್ಟಿಸಿತ್ತು. ಕೆಳಗೆ ಮೇಡಂ ಎರಡೇ ಸಾಲು ಬರೆದಿದ್ದರು: "ಗಂಗಕ್ಕ ಬರುವ ತನಕ ನಾನು ನಿಮ್ಮ ಮಾತನ್ನು ಅನುಮಾನಿಸುತ್ತಾ ಓದಿದೆ. ಅವರು ಬಂದ ಮೇಲೆ ನಂಬಿಕೊಂಡು ಓದಿದೆ."

ಚಿತ್ರದುರ್ಗಕ್ಕೆ ಹೋಗಿ ಅದೇ ಗುಮಾಸ್ತರ ಕೈಯಿಂದ ಕಾಗದ ತಗೊಂಡು ಬಂದೆ. ಬಿ.ಎ. ಆಯಿತು. ರುದ್ರಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಓದಿ, ನಮ್ಮವ್ವ ತಪ್ಪು ಮಾಡಿದ್ಲು ಅಂದರು.

ಅದರ ಮುಂದಿನ ಸೋಮವಾರ ಶ್ರೀರಾಂಪುರಕ್ಕೆ ಹೋದಾಗ ಗಂಗಕ್ಕನಿಗೆ ವಿಷಯ ಹೇಳಬೇಕಾಯಿತು. ಹೇಳದಿದ್ದರೆ ತಪ್ಪಾಗುತ್ತಿತ್ತು, ಅವಳ ಹೆಸರು ಹಾಕಿದ್ದೆನಲ್ಲ. ಪಡಸಾಲೆಯಲ್ಲಿ ನಾಲ್ಕು ಜನ ಹೆಂಗಸರು ಸೇರಿದರು. ನೋಟು ಪುಸ್ತಕ ತೆಗೆದು ಪ್ರಬಂಧವನ್ನು ಮೊದಲಿನಿಂದ ಕೊನೆಯ ತನಕ ಓದಿದೆ. ತನ್ನ ಹೆಸರು ಬಂದಾಗ ಗಂಗಕ್ಕ ಸೆರಗು ಸರಿಮಾಡಿಕೊಂಡಳು. ಓದಿ ಮುಗಿಸಿ ತಲೆ ಎತ್ತಿದೆ. ಮೆಚ್ಚಿದ್ದಾರೆ ಅಂದುಕೊಂಡೆ. ಗಂಗಕ್ಕ ಎಲೆ ಅಡಿಕೆ ಉಗಿದು ಬಂದು ಕೂತಳು.

"ಆ ಊರಿನ ಬಟ್ಟಲಿನ ಬುಡ ಕರಿ ಹಿಡಿದಿತ್ತಾ?"

ನನಗೆ ಅರ್ಥವಾಗಲಿಲ್ಲ.

"ಅಲ್ವೇ, ಒಲೆ ಮ್ಯಾಲೆ ಇಟ್ಟಿದ್ರೆ ಬುಡ ಕರಿ ಹಿಡಿದಿರ್ಬೇಕು. ಕಾಳು ಅಳೆದುಕೊಟ್ಟಿದ್ರೆ ಕರಿ ಎಲ್ಲಿಂದ ಬಂತು? ಇಷ್ಟು ದೊಡ್ಡ ಕತೆ ಬರ್ದೀಯ, ಬುಡ ತಿರುಗಿಸಿ ನೋಡಿಲ್ವಾ?"

ಪಕ್ಕದವಳು, ಕೆಂಡದೊಳಗೆ ಇಟ್ಟು ಬೇಯಿಸಿದ್ರೆ ಮೈಯೆಲ್ಲ ಕರಿ ಆಗ್ತೈತೆ ಅಂದಳು. ಇನ್ನೊಬ್ಬಳು, ಐದು ಸಾವಿರ ವರ್ಷ ಮಣ್ಣೊಳಗೆ ಇದ್ದ ಮೇಲೆ ಕರಿ ಉಳೀತೈತಾ ಅಂದಳು. ಅವರವರಲ್ಲೇ ವಾದ ಹತ್ತಿತು. ನಾನು ನೋಟು ಪುಸ್ತಕ ಮುಚ್ಚಿ ಕೂತೆ. ಪಾಠದ ಯಾವ ಪುಟದಲ್ಲೂ ನಾನು ಅದನ್ನು ಹುಡುಕಿರಲಿಲ್ಲ, ಕೇಳಬೇಕು ಅಂತ ಹೊಳೆದೂ ಇರಲಿಲ್ಲ.

ಗಂಗಕ್ಕ ಒಳಗಿನಿಂದ ಒಂದು ಜರಿ ಸೀರೆ ತಂದಳು. ನನ್ನ ಕೈಗೆ ಕೊಡದೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನಿನ್ ಮೇಡಂನ ಕೇಳ್ಕಂಡು ಬಾ. ಆಮ್ಯಾಲೆ ಈ ಸೀರೆ ಬಿಡ್ತೀನಿ."

ಕೋರ್ಸು ಮುಗಿದಿತ್ತು. ಮಧ್ಯಾಹ್ನದ ಬಸ್ಸಿಗೇ ಹೊಸದುರ್ಗಕ್ಕೆ ವಾಪಸ್ಸು ಬಂದು ತಿಪ್ಪೇಶಣ್ಣನ ಅಂಗಡಿಯಲ್ಲಿ ಕೂತು ಮೇಡಂಗೆ ಬರೆದೆ: ಆ ಬಟ್ಟಲುಗಳ ಬುಡ ಕರಿ ಹಿಡಿದಿತ್ತೇ?